ಮೌನದ ಓಣಿಯ ಸಂತ

“ತಲೆ ಜೋಪಾನ! ತಲೆ ಜೋಪಾನ!”

ಮೆಟ್ಟಿಲ ತಿರುವಿನಲ್ಲಿ ಶವದ ಪೆಟ್ಟಿಗೆ ಸಿಕ್ಕಿಕೊಂಡಾಗ, ಕೆಳತುದಿ ಹಿಡಿದಿದ್ದ ಗಡ್ಡದ ಗೈಡ್ ಹೀಗೆ ಕೂಗಿಬಿಟ್ಟ. ಹಳೇ ಗೋಪುರದ ಇಕ್ಕಟ್ಟಿನ ಮೆಟ್ಟಿಲು ಹತ್ತಿಸುವಾಗ ಪ್ರವಾಸಿಗರಿಗೆ ದಿನವೂ ಹೇಳುವ ಮಾತು ಅದು. ಬಾಯಿ ತಾನಾಗಿಯೇ ಕೂಗಿತ್ತು. ಇಲ್ಲಿ ಯಾರ ತಲೆಯನ್ನು ಯಾರು ಜೋಪಾನ ಮಾಡಬೇಕು ಎಂಬುದು ಹೊಳೆದ ಮೇಲೆ ನಾಲಿಗೆ ಕಚ್ಚಿಕೊಂಡ. ಜೊತೆಗೆ ಹಿಡಿದಿದ್ದ ಉಳಿದ ಗೈಡುಗಳು ಗೋಡೆಯ ಸುಣ್ಣ ನೋಡತೊಡಗಿದರು.

ಮೇಲಿನ ಮೆಟ್ಟಿಲಲ್ಲಿ ನಿಂತಿದ್ದ ಸತ್ತವನ ಹೆಂಡತಿ, “ಪರವಾಗಿಲ್ಲ ಬಿಡಪ್ಪಾ, ಅವರಿದ್ದಿದ್ರೂ ಅದನ್ನೇ ಕೂಗ್ತಿದ್ರು,” ಎಂದಳು. ಆಕೆಯ ಕಣ್ಣು ಒಣಗಿತ್ತು. ಬೆಳಗ್ಗಿನಿಂದ ಬಂದವರೆಲ್ಲ ಅದನ್ನು ಗಮನಿಸಿದ್ದರು. ನಾದಿನಿ ಮಾತ್ರ ಬಾಯಿಬಿಟ್ಟು ಹೇಳಿಯೂ ಇದ್ದಳು.

“ಅತ್ತಿಗೆ, ಅತ್ತುಬಿಡಿ. ಒಳಗೇ ಇಟ್ಕೋಬೇಡಿ.”

“ಬಂದ್ರೆ ತಾನೇ ಅಳೋದು?”

ಪೆಟ್ಟಿಗೆಯನ್ನು ಸ್ವಲ್ಪ ನಿಲ್ಲಿಸಿ, ಸ್ವಲ್ಪ ವಾಲಿಸಿ, ಹೇಗೋ ಓಣಿಗೆ ಇಳಿಸಿದರು. ಗೈಡುಗಳ ಬಳಗ ಸತ್ತವನನ್ನು ‘ಛತ್ರಿ’ ಎಂದೇ ಕರೆಯುತ್ತಿತ್ತು. ಹಿಂದೆ ಬರುವ ಪ್ರವಾಸಿಗರಿಗೆ ಕಾಣಲೆಂದು ಆತ ಜೀವನವಿಡೀ ಒಂದು ಹಳದಿ ಛತ್ರಿ ಎತ್ತಿ ಹಿಡಿದೇ ನಡೆದವನು. ಆ ಹೆಸರಿಗೆ ಇನ್ನೊಂದು ಅರ್ಥವೂ ಇದೆ, ಅದೂ ಆತನಿಗೆ ಅಷ್ಟಿಷ್ಟು ಒಪ್ಪುತ್ತಿತ್ತು. ಕತೆ ಕಟ್ಟುವುದರಲ್ಲಿ ಆತನನ್ನು ಮೀರಿಸುವವರು ಊರಲ್ಲಿರಲಿಲ್ಲ. ಕಾಲು ಮುರಿದ ಕಲ್ಲಿನ ಸಿಂಹಕ್ಕೂ ಒಂದು ಪ್ರೇಮಪ್ರಕರಣ ಅಂಟಿಸಿ ಕಳಿಸುತ್ತಿದ್ದ.

ಈಗ ಆ ಛತ್ರಿ ಗಡ್ಡದ ಗೈಡ್‌ನ ಕಂಕುಳಲ್ಲಿತ್ತು. ಅವನು ಹೆಗಲನ್ನು ಇನ್ನೊಬ್ಬನಿಗೆ ಬಿಟ್ಟುಕೊಟ್ಟು ಆಕೆಯ ಹತ್ತಿರ ಬಂದ.

“ಅತ್ತಿಗೆ, ನಮ್ಮಲ್ಲೊಂದು ಪದ್ಧತಿ ಇದೆ. ಗೈಡ್ ಹೋದ್ರೆ ಅವನ ದಾರೀಲೇ ಒಂದು ಸುತ್ತು ತಿರುಗಿಸಿಕೊಂಡು ಹೋಗ್ತೀವಿ. ಗೋಪುರ, ಸಂತೆಪೇಟೆ, ಬಾವಿ ಅಂಗಳ, ಆಮೇಲೆ ವಾಪಸ್ ನಮ್ಮ ಓಣಿ, ಸೇತುವೆ. ಗಾಡಿ ಸೇತುವೆ ಹತ್ರ ನಿಂತಿದೆ. ನಿಮಗೆ ಒಪ್ಪಿಗೆ ಇದ್ರೆ...”

“ಸತ್ತ ಮೇಲೂ ಡ್ಯೂಟಿನಾ?” ಎಂದಳು ಆಕೆ.

“ಅಮ್ಮಾ, ಹೋಗ್ಲಿ ಬಿಡು,” ಎಂದು ಮಗಳು ತೋಳು ಹಿಡಿದಳು. ಮಗಳು ಸಿಟಿ ಬಸ್ಸಿನಲ್ಲಿ ಕಂಡಕ್ಟರ್. ಎಂಥ ಜಗಳವನ್ನೂ ಮುಂದಿನ ಸ್ಟಾಪಿನೊಳಗೆ ಮುಗಿಸುವ ಅಭ್ಯಾಸ ಅವಳಿಗೆ.

ಆಕೆ ಸೆರಗು ಹೊದ್ದು ಹೊರಟಳು. ಮದುವೆಯಾದಾಗಿನಿಂದ ಈ ಊರಲ್ಲೇ ಇದ್ದವಳು ಗಂಡ ತೋರಿಸುವ ಊರನ್ನು ನೋಡಲು ಹೊರಟದ್ದು ಅದೇ ಮೊದಲು. ಮುಂದೆ ಗಂಡ ಮಲಗಿ ಹೋಗುತ್ತಿದ್ದ, ಹಿಂದೆ ಈಕೆ ನಡೆಯುತ್ತಿದ್ದಳು.

*

ಆಕೆ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ರಾತ್ರಿಪಾಳಿ ಮಾಡುತ್ತಿದ್ದವಳು. ರಕ್ತ, ಔಷಧಿ, ಯಾರ್‍ಯಾರದೋ ಬೆವರು ಎಲ್ಲ ಮೆತ್ತಿಕೊಂಡ ಹಾಸಿಗೆಬಟ್ಟೆಗಳು ಬೆಳಗಾಗುವುದರೊಳಗೆ ಬೆಳ್ಳಗೆ ಇಸ್ತ್ರಿಯಾಗಿ ವಾರ್ಡಿಗೆ ಹೋಗಬೇಕು. ಬಿಸಿನೀರಿನ ಹಬೆಗೆ ಬೆರಳುಗಳು ಸದಾ ಸುಕ್ಕುಗಟ್ಟಿರುತ್ತಿದ್ದವು. ಆಕೆ ಮನೆಗೆ ಬರುವ ಹೊತ್ತಿಗೆ ಗಂಡ ಶೂಗೆ ಪಾಲಿಷ್ ಹಚ್ಚುತ್ತಿರುತ್ತಿದ್ದ. ಹಗಲು ಆತನದು, ರಾತ್ರಿ ಆಕೆಯದು. ಇಬ್ಬರೂ ಭೇಟಿಯಾಗುತ್ತಿದ್ದದ್ದು ಹೊಸ್ತಿಲಲ್ಲಿ.

ಮೊದಲು ಅವರಿದ್ದದ್ದು ಸಂತೆಪೇಟೆಯ ಹಿಂದಿನ ಕೋಣೆಯಲ್ಲಿ. ಹಗಲೆಲ್ಲ ಕೂಗಾಟ, ತಗಡಿನ ಸದ್ದು. ಆಕೆ ಕಿವಿಗೆ ಹತ್ತಿ ತುರುಕಿ, ತಲೆಯ ಮೇಲೆ ದಿಂಬು ಹಾಕಿಕೊಂಡರೂ ನಿದ್ದೆ ಹತ್ತುತ್ತಿರಲಿಲ್ಲ. ಒಂದು ರಾತ್ರಿ ನಿದ್ದೆಗಣ್ಣಿನಲ್ಲಿ ಇಸ್ತ್ರಿಯ ಯಂತ್ರಕ್ಕೆ ಕೈ ಕೊಟ್ಟು ಅಂಗೈ ಸುಟ್ಟುಕೊಂಡಳು. ಅದಾದ ಮೇಲೆ ಗಂಡ ಎಲ್ಲೆಲ್ಲೋ ಅಲೆದು ಈ ಓಣಿಯ ಮಹಡಿ ಮನೆ ಹಿಡಿದ. ಕಿಟಕಿಗೆ ತಾನೇ ಎರಡು ಪದರದ ದಪ್ಪ ಪರದೆ ಹೊಲಿದು ಹಾಕಿದ.

“ನಿಮ್ಮ ಪ್ರವಾಸಿಗರೆಲ್ಲ ಸೇತುವೆಗೆ ಇದೇ ಓಣೀಲಿ ಹೋಗ್ತಾರಲ್ರೀ. ಇಲ್ಲೇನು ನಿದ್ದೆ ಬರುತ್ತೆ?” ಎಂದಿದ್ದಳು.

“ಮಲ್ಕೊಂಡು ನೋಡು,” ಎಂದಿದ್ದ ಆತ.

ಮೊದಲ ಕೆಲವು ದಿನ ಗಲಾಟೆ ಇತ್ತು. ಆಮೇಲೆ ಅದೇನು ಮಾಯವೋ, ಓಣಿ ಮೆತ್ತಗಾಯಿತು. ನೂರಾರು ಕಾಲು ಸರಿದುಹೋಗುವ ಸದ್ದು ಕೇಳುತ್ತಿತ್ತು, ಮಾತು ಮಾತ್ರ ಇಲ್ಲ. ಕೆಲವು ವರ್ಷಗಳ ಮೇಲೆ ಊರಾಡಳಿತದವರು ಓಣಿಯ ಬಾಯಲ್ಲಿ ಒಂದು ಫಲಕ ನೆಟ್ಟರು: ಇದು ಮೌನದ ಓಣಿ, ಹಿಂದೆ ಇಲ್ಲಿ ಮೌನವ್ರತ ಹಿಡಿದ ಸಂತನೊಬ್ಬ ಬಾಳಿದ್ದ, ಅಂದಿನಿಂದ ಇಲ್ಲಿ ಯಾರೂ ಮಾತಾಡುವುದಿಲ್ಲ. ಕೆಳಗೆ ತುಟಿಯ ಮೇಲೆ ಬೆರಳಿಟ್ಟ ಒಂದು ಚಿತ್ರ. ಆಕೆಗೆ ಆಗ ವಿಷಯ ತಿಳಿಯಿತು. ಪಾಳಿ ಮುಗಿಸಿ ಬರುವಾಗ ಆ ಫಲಕದ ಮುಂದೆ ಒಂದು ಗಳಿಗೆ ನಿಂತು ಮನಸ್ಸಿನಲ್ಲೇ ಕೈಮುಗಿದು ಮೆಟ್ಟಿಲು ಹತ್ತುವುದು ರೂಢಿಯಾಯಿತು. ಆಸ್ಪತ್ರೆಯ ಗೆಳತಿಯರ ಹತ್ತಿರ, “ನಮ್ಮ ಓಣೀಲಿ ಸೂಜಿ ಬಿದ್ರೂ ಕೇಳುತ್ತೆ,” ಎಂದು ಜಂಬ ಕೊಚ್ಚುತ್ತಿದ್ದಳು.

ರಜೆಯ ದಿನ ಗಂಡನೊಡನೆ ಪೇಟೆಗೆ ಹೋದರೆ ಅಪರಿಚಿತರು ಆತನನ್ನು ತಡೆದು, ಊರಲ್ಲಿ ಏನೇನು ನೋಡಬೇಕು ಎಂದು ಕೇಳುತ್ತಿದ್ದರು. ಆತ ಕೈಚೀಲ ಈಕೆಗೆ ಕೊಟ್ಟು, ಕೇಳಿದವರ ಭಾಷೆಯಲ್ಲೇ ಶುರು ಹಚ್ಚಿಕೊಳ್ಳುತ್ತಿದ್ದ. ಈಕೆ ತರಕಾರಿ ಹಿಡಿದು ನಿಂತಿರುತ್ತಿದ್ದಳು.

“ಒಂದಿನ ನನಗೂ ತೋರಿಸ್ರೀ ನಿಮ್ಮ ಊರು. ಆ ಗೋಪುರ ಹತ್ತಿ ಒಂದ್ಸಲ ಕೆಳಗೆ ನೋಡ್ಬೇಕು ನಾನು.”

“ತೋರಿಸ್ತೀನಿ. ಮೊದಲು ನಿದ್ದೆ ಮಾಡು. ಕಣ್ಣು ನೋಡ್ಕೋ, ಕೆಂಡ ಆಗಿದೆ.”

ಯಾವಾಗ ಕೇಳಿದರೂ ಅದೇ ಉತ್ತರ. ಕೊನೆಗೆ ಆಕೆ ಕೇಳುವುದನ್ನೇ ಬಿಟ್ಟಳು. ಬಿಟ್ಟಳು ಎಂದರೆ ಮರೆತಳು ಎಂದಲ್ಲ.

*

ಗೋಪುರದ ಮುಂದಿನ ಚೌಕದಲ್ಲಿ ಪೆಟ್ಟಿಗೆ ನಿಂತಿತು. ಗಡ್ಡದ ಗೈಡ್ ಹಳದಿ ಛತ್ರಿಯನ್ನು ಎತ್ತಿ ಹಿಡಿದು, ಗಂಟಲು ಸರಿಮಾಡಿಕೊಂಡು, ಸತ್ತವನ ಮಾತನ್ನು ಸತ್ತವನ ಧಾಟಿಯಲ್ಲೇ ಹೇಳಿದ:

“ಗೋಪುರ ನೋಡೋರು ಬೆಳಿಗ್ಗೆ ಬನ್ನಿ. ಮಧ್ಯಾಹ್ನ ಬಂದ್ರೆ ನೀವು ಸುಸ್ತಾಗಿ ಕೂತಿರ್ತೀರಿ, ಗೋಪುರನೇ ನಿಮ್ಮನ್ನ ನೋಡುತ್ತೆ.”

ಗೈಡುಗಳು ನಕ್ಕರು, ನಗುತ್ತಲೇ ಮೂಗು ಒರೆಸಿಕೊಂಡರು. ಆಕೆ ತಲೆಯೆತ್ತಿ ನೋಡಿದಳು. ಗೋಪುರ ದೊಡ್ಡದಿತ್ತು. ಅಷ್ಟು ಬಿಟ್ಟರೆ ಆಕೆಗೆ ಏನೂ ಅನ್ನಿಸಲಿಲ್ಲ. ಮಂಡಿಯಲ್ಲಿ ಹತ್ತುವ ಶಕ್ತಿ ಈಗಿಲ್ಲ, ಹತ್ತಿಸುವವನೂ ಇಲ್ಲ.

ಅಲ್ಲಿಂದ ಹೊರಟಾಗ ಮಗಳು ತಿರುಗಿ ನೋಡಿ ಗಾಬರಿಯಾದಳು. “ಅಮ್ಮಾ, ಇವರೆಲ್ಲ ಯಾರು?”

ಹಿಂದೆ ಒಂದು ದೊಡ್ಡ ಗುಂಪೇ ಬರುತ್ತಿತ್ತು. ಟೋಪಿ, ಕ್ಯಾಮೆರಾ, ನೀರಿನ ಬಾಟಲಿ. ಎತ್ತಿ ಹಿಡಿದ ಹಳದಿ ಛತ್ರಿ ಕಂಡದ್ದೇ, ಚೌಕದಲ್ಲಿ ಗೈಡ್ ಇಲ್ಲದೆ ಅಡ್ಡಾಡುತ್ತಿದ್ದ ಪ್ರವಾಸಿಗರು ಅಭ್ಯಾಸದಂತೆ ಬೆನ್ನು ಹತ್ತಿದ್ದರು. ಮುಂದೆ ಪೆಟ್ಟಿಗೆ ಇರುವುದು ಹಿಂದಿನವರಿಗೆ ಕಾಣುತ್ತಿರಲಿಲ್ಲ. ಕಂಡವರೂ ಇದು ಊರಿನ ಯಾವುದೋ ಪುರಾತನ ಮೆರವಣಿಗೆ ಎಂದುಕೊಂಡು ಭಕ್ತಿಯಿಂದ ಫೋಟೋ ತೆಗೆದರು.

ಮಗಳು ಕಂಡಕ್ಟರ್ ಗಂಟಲು ತೆಗೆದಳು. “ಹೋಗ್ರೀ ಆಚೆ! ಇದು ಟೂರ್ ಅಲ್ಲ!”

ಅವಳ ಭಾಷೆ ಯಾರಿಗೂ ತಿಳಿಯಲಿಲ್ಲ. ಟೋಪಿಯ ಮುದುಕರೊಬ್ಬರು ಮುಗುಳ್ನಕ್ಕು, ತಲೆಬಾಗಿ, ಇನ್ನೂ ಹತ್ತಿರ ಬಂದರು. ಒಬ್ಬ ಹೆಂಗಸು ನಕ್ಷೆ ಬಿಡಿಸಿ ಹಿಡಿದು, ಮುಂದೆ ಎಲ್ಲಿಗೆ ಎಂದು ಸನ್ನೆಯಲ್ಲಿ ಕೇಳಿದಳು.

“ಛತ್ರಿ ಇಳಿಸ್ರೀ ನೀವು,” ಎಂದು ಮಗಳು ಗಡ್ಡದ ಗೈಡ್ ಮೇಲೆ ಹರಿಹಾಯ್ದಳು.

“ಇಳಿಸೋಕಾಗಲ್ಲಮ್ಮ. ದಾರಿ ಮುಗಿಯೋವರೆಗೂ ಅವನ ಛತ್ರಿ ಇಳಿಸಬಾರದು ನಾವು.” ಅವನು ಛತ್ರಿಯ ಹಿಡಿಯನ್ನು ಇನ್ನೂ ಬಿಗಿಯಾಗಿ ಹಿಡಿದ. “ನಾನೇನು ಮಾಡ್ಲಿ ಹೇಳು.”

ಯಾರೂ ಏನೂ ಮಾಡುವಂತಿರಲಿಲ್ಲ. ಸಂತೆಪೇಟೆಯಲ್ಲಿ ಗುಂಪು ಇನ್ನಷ್ಟು ಬೆಳೆಯಿತು. ಹೊಸದಾಗಿ ಕೆಲಸಕ್ಕೆ ಸೇರಿದ ಗೈಡ್ ಹುಡುಗಿಯೊಬ್ಬಳು ಹಿಂದೆ ಉಳಿದು, ಗುಂಪು ಪೆಟ್ಟಿಗೆಗೆ ತಗುಲದಂತೆ ಸಂಭಾಳಿಸುತ್ತ ಬಂದಳು. ನಾದಿನಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, “ಅಣ್ಣ ಸತ್ತಿದ್ದಕ್ಕೂ ಟಿಕೆಟ್ ಇಟ್ಟ ಹಾಗಾಯ್ತಲ್ಲ,” ಎಂದು ಗೊಣಗಿದಳು.

ಬಾವಿ ಅಂಗಳದಲ್ಲಿ ಮೂರು ಮತಗಳ ಪೂಜಾಮಂದಿರಗಳು ಒಂದನ್ನೊಂದು ನೋಡುತ್ತ ನಿಂತಿದ್ದವು. ನಡುವೆ ಬಾವಿ. ಛತ್ರಿ ಇನ್ನೂ ಎತ್ತರಕ್ಕೆ ಹೋಯಿತು.

“ಒಳಗೆ ಹೋಗಿ ಅವರವರ ದೇವರಿಗೆ ಅವರವರು ಕೈಮುಗೀರಿ. ಹೊರಗೆ ಬಂದ ಮೇಲೆ ಎಲ್ಲರಿಗೂ ಇದೇ ನೀರು.”

ಆಕೆ ಬಾವಿಗೆ ಬಗ್ಗಿ ನೋಡಿದಳು. ಈ ಮೂರೂ ಮತದವರ ಹಾಸಿಗೆಬಟ್ಟೆಗಳನ್ನು ಒಂದೇ ತೊಟ್ಟಿಯಲ್ಲಿ ಒಗೆದವಳಿಗೆ ಅದರಲ್ಲಿ ಅಂಥ ವಿಶೇಷವೇನೂ ಕಾಣಲಿಲ್ಲ. ಆದರೂ ಈ ಮಾತನ್ನು ಗಂಡನ ಬಾಯಲ್ಲಿ ಕೇಳಬೇಕಿತ್ತು ಅನ್ನಿಸಿತು. ಊರಿಗೆಲ್ಲ ಹೇಳಿದ. ನನಗೆ ಹೇಳಿದ್ದು ನಿದ್ದೆ ಮಾಡು ಎಂದಷ್ಟೇ. ಎದೆಯಲ್ಲಿ ಹಳೇ ಸಿಟ್ಟು ಎದ್ದು ಕೂತಿತು. ಸತ್ತವರ ಮೇಲೆ ಸಿಟ್ಟು ಬಂದರೆ ಅದನ್ನು ಎಲ್ಲಿ ಇಳಿಸುವುದು ಎಂದು ಆಕೆಗೆ ತಿಳಿಯಲಿಲ್ಲ.

*

ಹೋದ ಚಳಿಗಾಲದಲ್ಲಿ ಪಾರ್ಶ್ವವಾಯು ಬಡಿದು ಆತನ ಬಲಮೈ ಹೋಯಿತು. ಜೊತೆಗೆ ಮಾತೂ ಹೋಯಿತು. ಏಳೆಂಟು ಭಾಷೆಯಲ್ಲಿ ಊರು ಹೊಗಳಿದ ಬಾಯಿಗೆ ನೀರು ಬೇಕು ಎನ್ನಲು ಆಗುತ್ತಿರಲಿಲ್ಲ. ಆಕೆ ಕೆಲಸ ಬಿಟ್ಟು ಮನೆಯಲ್ಲಿ ಉಳಿದಳು. ತಿನ್ನಿಸುವುದು, ಒರೆಸುವುದು, ಹೊರಳಿಸುವುದು. ಆಸ್ಪತ್ರೆಯ ಬಟ್ಟೆಯ ಬದಲು ಈಗ ಒಬ್ಬನದೇ ಬಟ್ಟೆ, ಅಷ್ಟೇ ವ್ಯತ್ಯಾಸ.

ಸಾಯುವುದಕ್ಕೆ ಕೆಲವು ದಿನ ಮುಂಚೆ, ಒಂದು ಮಧ್ಯಾಹ್ನ, ಗಂಜಿ ಆತನ ಬಾಯಿಂದ ಜಾರಿ ಆಗಷ್ಟೇ ಬದಲಿಸಿದ್ದ ಹಾಸಿಗೆಯ ಮೇಲೆ ಬಿತ್ತು. ಅಷ್ಟಕ್ಕೇ ಆಕೆಯ ಕಟ್ಟೆ ಒಡೆಯಿತು.

“ಊರಿಗೆಲ್ಲ ಊರು ತೋರಿಸಿದ್ರಿ. ಯಾವ ದೇಶದವರೋ ಬಂದ್ರೆ ಕೈಹಿಡಿದು ಗೋಪುರ ಹತ್ತಿಸಿದ್ರಿ. ನನಗೇನು ಮಾಡಿದ್ರಿ ಹೇಳಿ? ಒಂದಿನ, ಒಂದೇ ಒಂದಿನ ನನಗೋಸ್ಕರ ಏನಾದ್ರೂ ಮಾಡಿದ್ದುಂಟಾ?”

ಆತನ ಕಣ್ಣು ಅಗಲವಾಯಿತು. ಬಾಯಿ ಏನೋ ಹುಡುಕಿತು, ಸಿಗಲಿಲ್ಲ. ಕೊನೆಗೆ ಸ್ವಾಧೀನದಲ್ಲಿದ್ದ ಎಡಗೈಯನ್ನು ಮೆಲ್ಲಗೆ ಎತ್ತಿ ಪರದೆ ಹಾಕಿದ ಕಿಟಕಿಯ ಕಡೆ ತೋರಿಸಿದ. ಆಮೇಲೆ ಆ ಬೆರಳನ್ನು ತನ್ನ ತುಟಿಯ ಮೇಲೆ ಇಟ್ಟ.

ಆಕೆಗೆ ಬೆಂಕಿ ಹತ್ತಿತು. “ಬಾಯಿ ಮುಚ್ಚು ಅಂತೀರಾ? ಓಣಿಯವರು ಕೇಳಿಸ್ಕೋತಾರೆ ಅಂತ ಮಾನದ ಚಿಂತೆನಾ? ಆಯ್ತು, ಮುಚ್ಚಿದೆ.”

ಆತ ತಲೆ ಅಲ್ಲಾಡಿಸಿದ. ಮತ್ತೆ ಕಿಟಕಿ ತೋರಿಸಿದ, ಮತ್ತೆ ತುಟಿಗೆ ಬೆರಳಿಟ್ಟ. ಕಣ್ಣಲ್ಲಿ ನೀರು ಇಳಿಯಿತು. ಆಕೆ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಆಮೇಲೆ ತಿನ್ನಿಸಿದಳು, ಒರೆಸಿದಳು, ಎಲ್ಲ ಮಾಡಿದಳು. ಮಾತು ಮಾತ್ರ ಆಡಲಿಲ್ಲ. ಆತ ಹೋದದ್ದು ಆ ಮೌನದಲ್ಲೇ.

*

ಓಣಿಯ ಬಾಯಿಗೆ ಬಂದಾಗ ಹೆಗಲು ಬದಲಿಸಲೆಂದು ಪೆಟ್ಟಿಗೆಯನ್ನು ಕಲ್ಲಿನ ಜಗಲಿಯ ಮೇಲೆ ಇಳಿಸಿದರು. ಪಕ್ಕದಲ್ಲೇ ಆ ಫಲಕ. ಆಕೆ ಹಳೇ ರೂಢಿಯಂತೆ ನಿಂತಳು. ಈ ಸಲ ಬಾಯಿಬಿಟ್ಟೇ ಹೇಳಿದಳು:

“ಈ ಸಂತ ಯಾರೋ, ಪುಣ್ಯಾತ್ಮ. ಇವನ ದೆಸೆಯಿಂದ ಇಷ್ಟು ವರ್ಷ ನಿದ್ದೆ ಕಂಡೆ ನಾನು. ಕಟ್ಟಿಕೊಂಡವರಿಂದ ಅಷ್ಟು ಸುಖವೂ ಕಾಣಲಿಲ್ಲ.”

ಗಡ್ಡದ ಗೈಡ್ ಛತ್ರಿ ಹಿಡಿದ ಕೈಯನ್ನು ಬದಲಿಸಿದ. ಆಮೇಲೆ ತಡೆಯಲಾಗದೆ, “ಅತ್ತಿಗೆ, ಇಲ್ಲಿ ಯಾವ ಸಂತನೂ ಇರಲಿಲ್ಲ,” ಎಂದ.

“ಅಂದ್ರೆ?”

“ಅಣ್ಣ ಹುಟ್ಟಿಸಿದ ಸಂತ ಅದು. ನೀವು ಈ ಮನೆಗೆ ಬಂದ ಹೊಸತರಲ್ಲಿ ಅಣ್ಣ ತನ್ನ ಗುಂಪಿಗೆ ನಿಜಾನೇ ಹೇಳ್ತಿದ್ದ. ನನ್ನ ಹೆಂಡತಿ ರಾತ್ರಿಯೆಲ್ಲ ಬಟ್ಟೆ ಒಗೆದು ಬಂದು ಮಲಗಿದ್ದಾಳೆ, ಸ್ವಲ್ಪ ಮೆಲ್ಲಗೆ ನಡೀರಿ ಅಂತ. ಯಾರು ಕೇಳ್ತಾರೆ? ನಾಲ್ಕು ಹೆಜ್ಜೆ ಸುಮ್ಮನಿದ್ದು ಕಿಸಕ್ ಅಂತ ನಗ್ತಿದ್ರು. ಬಟ್ಟೆ ಒಗೆಯೋಳಿಗೆ ಬಾಯಿ ಮುಚ್ಚದೋರು ಸಂತನಿಗೆ ಮುಚ್ತಾರೆ ಕಣೋ ಅಂದ. ಮಾರನೇ ದಿನದಿಂದ ಸಂತ ಶುರು. ಯಾವ ಮತದ ಸಂತ ಅಂತ ಕೇಳಿದ್ರೆ, ಕೇಳಿದೋರ ಮುಖ ನೋಡಿ ಅವರ ಮತದವನೇ ಅಂತಿದ್ದ.”

ಆಕೆ ಫಲಕವನ್ನು ನೋಡುತ್ತಲೇ ಇದ್ದಳು.

“ನಮ್ಮೆಲ್ಲರ ಹತ್ರ ಭಾಷೆ ತಗೊಂಡಿದ್ದ. ಈ ಓಣೀಲಿ ಯಾರ ಗುಂಪೂ ಮಾತಾಡಕೂಡದು ಅಂತ. ಆಮೇಲೆ ಅದೇ ಊರಿನ ಆಕರ್ಷಣೆ ಆಗೋಯ್ತು. ನೋಡಲೇಬೇಕಾದ ಜಾಗ ಅಂತ ಎಲ್ಲರೂ ಹೇಳೋಕೆ ಶುರು ಮಾಡಿದ್ರು. ಹೊಸ ಗೈಡುಗಳಿಗೆ ನಿಜ ಗೊತ್ತೇ ಇಲ್ಲ.”

“ನನಗ್ಯಾಕೆ ಹೇಳಲಿಲ್ಲ?” ಆಕೆಯ ದನಿ ಎಲ್ಲಿಂದಲೋ ಬಂದಂತಿತ್ತು.

“ಹೇಳಿದ್ರೆ ನಾಚ್ಕೊಂಡು ಎದ್ದು ಕೂತ್ಕೋತಾಳೆ, ನಿದ್ದೆ ಮಾಡಲ್ಲ ಅಂತಿದ್ದ. ಎಷ್ಟು ಸಲ ಹೇಳೋ ಮಾರಾಯ ಅಂದೆ ನಾನು. ತುಟಿ ಮೇಲೆ ಹೀಗೆ ಬೆರಳಿಟ್ಟು ನಗೋನು.”

ಅವನು ಬೆರಳಿಟ್ಟು ತೋರಿಸಿದ. ಆಕೆಗೆ ಮಂಚ ಕಂಡಿತು. ಕಿಟಕಿಯ ಕಡೆ ಎತ್ತಿದ ಎಡಗೈ ಕಂಡಿತು. ನನಗೇನು ಮಾಡಿದ್ರಿ ಎಂದು ತಾನು ಕೇಳಿದ್ದಕ್ಕೆ ಆತ ಉತ್ತರ ಹೇಳಿದ್ದ, ಎರಡು ಸಲ ಹೇಳಿದ್ದ. ತಟ್ಟೆ ಎತ್ತಿಕೊಂಡು ಎದ್ದುಹೋದವಳು ತಾನು. ಆಕೆ ಪೆಟ್ಟಿಗೆಯ ಮೇಲೆ ಕೈಯಿಟ್ಟಳು. “ರೀ,” ಎಂದಳು. ಮುಂದೆ ಹೇಳುವುದು ಬಹಳ ಇತ್ತು. ಕೇಳಬೇಕಾದವನಿಗೆ ಈಗ ಕಿವಿಯೂ ಇರಲಿಲ್ಲ.

“ಹೊತ್ತಾಯ್ತು ಅಮ್ಮಾ,” ಎಂದಳು ಮಗಳು. ಅವಳೂ ಎಲ್ಲ ಕೇಳಿಸಿಕೊಂಡಿದ್ದಳು.

ಪೆಟ್ಟಿಗೆ ಮೇಲೆದ್ದಿತು. ಹಿಂದೆ ಹೊಸ ಗೈಡ್ ಹುಡುಗಿ ಪ್ರವಾಸಿಗರನ್ನು ನಿಲ್ಲಿಸಿ, ಅವರ ಭಾಷೆಯಲ್ಲಿ ಸಂತನ ಕತೆಯನ್ನು ಶ್ರದ್ಧೆಯಿಂದ ಹೇಳುತ್ತಿದ್ದಳು. ಓಣಿಯ ಮಧ್ಯದಲ್ಲಿರುವ ದಪ್ಪ ಪರದೆಯ ಕಿಟಕಿಯೇ ಆ ಸಂತನ ಕೋಣೆಯದು ಎಂದು ಕೈ ತೋರಿಸಿದಳು. ಟೋಪಿಯ ಮುದುಕರು ಟೋಪಿ ತೆಗೆದು ಕೈಯಲ್ಲಿ ಹಿಡಿದರು. ನಕ್ಷೆಯ ಹೆಂಗಸು ನಕ್ಷೆ ಮಡಿಸಿದಳು.

ಓಣಿಯೊಳಗೆ ಕಾಲಿಟ್ಟ ಕೂಡಲೇ ಎಲ್ಲರೂ ಬಾಯಿ ಮುಚ್ಚಿದರು. ಗೈಡುಗಳು ತುಟಿಗೆ ಬೆರಳಿಟ್ಟುಕೊಂಡರು. ಅಷ್ಟು ದೊಡ್ಡ ಗುಂಪು ತುದಿಗಾಲಲ್ಲಿ ನಡೆಯತೊಡಗಿತು. ಬಟ್ಟೆ ಬಟ್ಟೆಗೆ ತಾಗುವ ಸದ್ದು, ಅಂಗಾಲು ಕಲ್ಲಿಗೆ ಸವರುವ ಸದ್ದು. ಇಷ್ಟು ವರ್ಷ ಮೇಲೆ ಮಲಗಿ ಅರೆನಿದ್ದೆಯಲ್ಲಿ ಕೇಳುತ್ತಿದ್ದ ಸದ್ದನ್ನು ಆಕೆ ಮೊದಲ ಬಾರಿ ಕೆಳಗೆ ನಿಂತು ಕೇಳಿದಳು. ದಿನವೂ ಆತ ಇಲ್ಲೇ, ಛತ್ರಿ ಎತ್ತಿ ಹಿಡಿದು, ಮೇಲೊಮ್ಮೆ ನೋಡಿ ಸಾಗುತ್ತಿದ್ದಿರಬೇಕು. ಆಕೆಯೂ ಮೇಲೆ ನೋಡಿದಳು. ಎರಡು ಪದರದ ಪರದೆ ಬಿಸಿಲಿಗೆ ಬಣ್ಣ ಕಳೆದುಕೊಂಡು ಮುಚ್ಚಿಯೇ ಇತ್ತು.

ಆಗ ಬಂತು ಅಳು. ತಡೆಯುವಷ್ಟರಲ್ಲಿ ಗಂಟಲು ಹರಿದುಕೊಂಡು ಹೊರಬಂತು. ಓಣಿಯ ಎರಡೂ ಗೋಡೆಗಳಿಗೆ ಬಡಿದು ದೊಡ್ಡದಾಯಿತು. ನಾದಿನಿ ಹಿಡಿದುಕೊಳ್ಳಲು ಓಡಿಬಂದಳು, ಮಗಳ ಕೈ ಬೆನ್ನಿಗೆ ಬಂತು, ಅಳು ಮಾತ್ರ ನಿಲ್ಲಲಿಲ್ಲ.

ಟೋಪಿಯ ಮುದುಕರು ಬೆಚ್ಚಿ ತಿರುಗಿದರು. ಒಳ್ಳೆಯ ಮನುಷ್ಯ, ಆಕೆ ಯಾರೆಂದು ಅವರಿಗೆ ತಿಳಿಯದು. ಮುಖದಲ್ಲಿ ಸಿಟ್ಟಿರಲಿಲ್ಲ, ಬೇಡಿಕೆ ಇತ್ತು. ಒಂದು ಕೈಯಿಂದ ಪರದೆ ಮುಚ್ಚಿದ ಕಿಟಕಿಯನ್ನು ತೋರಿಸಿದರು. ಇನ್ನೊಂದು ಕೈಯ ಬೆರಳನ್ನು ಮೆಲ್ಲಗೆ ತುಟಿಯ ಮೇಲಿಟ್ಟು, “ಶ್...” ಎಂದರು.